ಮುರಿಯದ ಕಂಬಿಯ ಲೆಕ್ಕ

"ಸಾರ್, ನೀವು ಏನು ಪಾಠ ಮಾಡ್ತೀರಿ?" ಅಂತ ಇಲ್ಲಿನ ಕನ್ನಡದವರು ಸಿಕ್ಕಾಗಲೆಲ್ಲ ಕೇಳುತ್ತಾರೆ. "ಲೋಹಶಾಸ್ತ್ರ" ಅಂದರೆ "ಬಂಗಾರದ ರೇಟು ಇಳಿಯುತ್ತಾ?" ಅನ್ನೋ ಮರುಪ್ರಶ್ನೆ ಗ್ಯಾರಂಟಿ! ಚೆನ್ನೈಗೆ ಬಂದು ಮೂವತ್ತು ವರ್ಷ ದಾಟಿತು. ಇವತ್ತು ಸರಿಯಾಗಿ ಹೇಳಿಬಿಡುತ್ತೇನೆ.

ಮನೆಯಲ್ಲಿ ಬಟ್ಟೆ ಒಣಹಾಕುವ ನೈಲಾನ್ ಹಗ್ಗ ನೋಡಿ. ಕಟ್ಟಿದಾಗ ಬಿಗಿಯಾಗಿರುತ್ತೆ, ವರ್ಷ ಕಳೆದರೆ ಜೋಲುತ್ತೆ. ಭಾರ ಹೆಚ್ಚಾಗಿಲ್ಲ, ಆದರೂ ಉದ್ದವಾಗಿದೆ. ಚೆನ್ನಾಗಿ ಕಾದ ಉಕ್ಕೂ ಹಾಗೆಯೇ. ಇದಕ್ಕೆ ಕ್ರೀಪ್ ಅಂತಾರೆ, ಅಂದರೆ ತೆವಳುವುದು. ಇಲ್ಲೇ ಹತ್ತಿರದ ಕಲ್ಪಾಕ್ಕಂನಲ್ಲಿ ಕಟ್ಟಿರುವ ಫಾಸ್ಟ್ ಬ್ರೀಡರ್ ರಿಯಾಕ್ಟರಿನ ಒಳಗೆ ಹರಿಯುವುದು ನೀರಲ್ಲ, ದ್ರವ ಸೋಡಿಯಂ. ಬಿಸಿ ಸುಮಾರು 550 ಡಿಗ್ರಿ. ವಿನ್ಯಾಸದ ಆಯಸ್ಸು 40 ವರ್ಷ. ಅಲ್ಲಿಯ ಉಕ್ಕು ಅಷ್ಟು ಕಾಲ ತಡೆದೀತೇ? ನನ್ನ ವೃತ್ತಿಯೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಕಳೆದಿದೆ.

ಅಡ್ಡದಾರಿ ಇಲ್ಲದಿಲ್ಲ. 1952ರಲ್ಲಿ ಲಾರ್ಸನ್ ಮತ್ತು ಮಿಲ್ಲರ್ ಒಂದು ಸೂತ್ರ ಕೊಟ್ಟರು: ಬಿಸಿ ಹೆಚ್ಚಿಸಿ, ಬೇಗ ಮುರಿಸಿ, ಅದರಿಂದ ದೀರ್ಘಕಾಲದ ಲೆಕ್ಕ ಹಾಕಿ. ಆದರೆ ಜೋರು ಉರಿಯಲ್ಲಿ ಅನ್ನ ಬೇಗ ಬೆಂದರೂ ತಳ ಹತ್ತುತ್ತಲ್ಲ, ಹಾಗೆ ಹೆಚ್ಚು ಬಿಸಿಯಲ್ಲಿ ಉಕ್ಕಿನ ಒಳಗಿನ ಬದಲಾವಣೆಯೇ ಬೇರೆಯಾಗಿಬಿಡಬಹುದು. ಕೊನೆಗೆ ಕಾಯದೆ ಗತಿಯಿಲ್ಲ. ಜಪಾನಿನಲ್ಲಿ 1969ರಲ್ಲಿ 400 ಡಿಗ್ರಿಯಲ್ಲಿ ತೂಗುಹಾಕಿದ ಒಂದು ಉಕ್ಕಿನ ಕಂಬಿಯ ಪರೀಕ್ಷೆಯನ್ನು ನಿಲ್ಲಿಸಿದ್ದು 2011ರಲ್ಲಿ. ಮೂರೂವರೆ ಲಕ್ಷ ಗಂಟೆಗೂ ಹೆಚ್ಚು!

ನಮ್ಮ ಲ್ಯಾಬಿನ ಒಂದು ಕಂಬಿಯನ್ನು 2013ರ ಆಗಸ್ಟಿನಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಕುಲುಮೆಗೆ ಏರಿಸಿದಳು. 2015ರ ಡಿಸೆಂಬರ್ ಪ್ರವಾಹದಲ್ಲಿ ಊರಿಗೆ ಊರೇ ಕತ್ತಲಾದಾಗ ಹುಡುಗರು ಕ್ಯಾನಿನಲ್ಲಿ ಡೀಸೆಲ್ ಹೊತ್ತು ತಂದು ಜನರೇಟರ್ ಓಡಿಸಿದರು. ಮರುವರ್ಷ ವರ್ದಾ ಚಂಡಮಾರುತದಲ್ಲೂ ಅದೇ ಕಥೆ. ಅವಳ ಥೀಸಿಸ್ ಮುಗಿಯುವ ಹೊತ್ತಿಗೆ ಕಂಬಿ ಮುರಿದಿರಲಿಲ್ಲ. ಉಳಿದ ಕಂಬಿಗಳ ಅಂಕಿ-ಅಂಶದಲ್ಲೇ ಡಾಕ್ಟರೇಟ್ ಪಡೆದಳು. ಈಗ ಅವಳ ಮಗ ಶಾಲೆಗೆ ಹೋಗುತ್ತಾನೆ. 2025ರ ಜನವರಿಯಲ್ಲಿ ಒಂದು ಲಕ್ಷ ಗಂಟೆ ತುಂಬಿತು. ಕಂಬಿ ಇನ್ನೂ ಇದೆ.

ತಮಾಷೆ ನೋಡಿ. ಮುರಿಯದ ಕಂಬಿಯೇ ಅತಿ ಒಳ್ಳೆಯ ಸುದ್ದಿ, ಆದರೆ ಅದರ ಮೇಲೆ ಪೇಪರ್ ಬರೆಯುವುದು ಕಷ್ಟ. ಪ್ರಾಜೆಕ್ಟ್ ಹಣ ಮೂರು ವರ್ಷಕ್ಕೆ, ಥೀಸಿಸ್ ಐದಕ್ಕೆ. ಪ್ರಮೋಶನ್ ಸಮಿತಿ ಕೇಳುವುದು ಪೇಪರ್ ಎಷ್ಟು ಅಂತ. ಉಕ್ಕಿಗೆ ಇದ್ಯಾವುದೂ ಗೊತ್ತಿಲ್ಲ.

ಬರುವ ಮೇ ತಿಂಗಳಲ್ಲಿ ನನ್ನ ನಿವೃತ್ತಿ. ಆ ಜಾಗ ಹೊಸ ಯಂತ್ರಕ್ಕೆ ಬೇಕು ಅನ್ನುವ ಮಾತು ಓಡಾಡುತ್ತಿದೆ. ಕುಲುಮೆಯ ಸ್ವಿಚ್ ಆರಿಸಲು ಅರ್ಧ ನಿಮಿಷ ಸಾಕು, ಹನ್ನೊಂದು ವರ್ಷ ದಾಟಿದ ತೆವಳಿಕೆ ಅಲ್ಲಿಗೇ ನಿಂತಂತೆ. ಕಿರಿಯ ಸಹೋದ್ಯೋಗಿಯೊಬ್ಬರು "ಲಾಗ್ ಪುಸ್ತಕ ನನಗೆ ಕೊಡಿ ಸಾರ್, ನಾನು ನೋಡಿಕೊಳ್ತೀನಿ" ಅಂದಿದ್ದಾರೆ. ಈ ವೃತ್ತಿಯಲ್ಲಿ ನನಗೆ ಸಿಕ್ಕ ದೊಡ್ಡ ಪ್ರಶಸ್ತಿ ಅದೇ ಅನ್ನಿಸುತ್ತದೆ. ನೀವೇನಂತೀರಿ?