ಕ್ಯಾಮೆರಾ ಹಿಡಿದು ಧಾರವಾಡದ ಓಣಿಯಲ್ಲಿ

ನಾನು ಕಂಡ ಮೊದಲ ಕ್ಯಾಮೆರಾ ಎಂದರೆ ನಮ್ಮ ಅಜ್ಜಿಯ ಮನೆ. ಧಾರವಾಡದ ಹಳೆಯ ಪೇಟೆಯ ಓಣಿಯೊಂದರಲ್ಲಿದ್ದ ಮಣ್ಣಿನ ಮಾಳಿಗೆ ಮನೆ ಅದು. ಬೇಸಿಗೆಯ ಮಧ್ಯಾಹ್ನ ತಲಬಾಗಿಲು ಮುಚ್ಚಿ ಹಿರಿಯರೆಲ್ಲ ಪಡಸಾಲೆಯಲ್ಲಿ ಅಡ್ಡಾದ ಮೇಲೆ ನಮ್ಮ ಆಟ ಶುರುವಾಗುತ್ತಿತ್ತು. ಬಾಗಿಲ ಹಲಗೆಯಲ್ಲಿ ಒಂದು ಸಣ್ಣ ತೂತಿತ್ತು. ಅದರಿಂದ ಒಳಬಂದ ಬೆಳಕು ಎದುರಿನ ಸುಣ್ಣದ ಗೋಡೆಯ ಮೇಲೆ ಹೊರಗಿನ ಓಣಿಯನ್ನೇ ತಲೆಕೆಳಗಾಗಿ ಮೂಡಿಸುತ್ತಿತ್ತು. ಎತ್ತಿನ ಚಕ್ಕಡಿ ಗಾಲಿ ಮೇಲೆ ಮಾಡಿಕೊಂಡು ಹೋಗುವುದನ್ನು ನೋಡಿ ನಾವು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ಅದಕ್ಕೆ ಸೂಜಿರಂಧ್ರ ಕ್ಯಾಮೆರಾ ಎನ್ನುತ್ತಾರೆಂದು ತಿಳಿದದ್ದು ಮುಂದೆ ಪ್ರೌಢಶಾಲೆಗೆ ಹೋದಾಗ.

ಆ ಮನೆ 1998ರಲ್ಲಿ ಬಿತ್ತು. ಕೆಲವು ವರ್ಷಗಳ ನಂತರ ಅದರ ಒಂದು ಫೋಟೋ ಬೇಕೆನಿಸಿ ಮನೆಯ ಟ್ರಂಕನ್ನೆಲ್ಲ ಜಾಲಾಡಿದೆ. ಮದುವೆಯ ಫೋಟೋ, ಜವಳದ ಫೋಟೋ, ಯಾರೋ ನೆಂಟರು ಸಾಲಾಗಿ ಕುಳಿತ ಫೋಟೋ ಎಲ್ಲವೂ ಸಿಕ್ಕವು. ಆದರೆ ಒಂದರಲ್ಲೂ ಮನೆ ಇಲ್ಲ! ಫೋಟೋ ತೆಗೆಯಲು ಬಂದವರು ಬಣ್ಣಗೆಟ್ಟ ಗೋಡೆ ಕಾಣಬಾರದೆಂದು ಪ್ರತಿ ಸಲವೂ ಹಿಂದೆ ಒಂದು ಚಾದರ ಕಟ್ಟಿದ್ದರು. ಮನುಷ್ಯರು ಉಳಿದರು, ಗೋಡೆ ಚಾದರದ ಹಿಂದೆಯೇ ಹೋಯಿತು.

ಇದೇ ಕಾರಣಕ್ಕೆ ಕಳೆದ ಕೆಲವು ವರ್ಷಗಳಿಂದ ರಜೆಯ ದಿನ ನಾಲ್ಕಾರು ವಿದ್ಯಾರ್ಥಿಗಳನ್ನು ಕರೆದುಕೊಂಡು ಊರು ಸುತ್ತುವ ಹವ್ಯಾಸ ಬೆಳೆಸಿಕೊಂಡಿದ್ದೇನೆ. ಹಿಂದೆ 36 ಚಿತ್ರಗಳ ಒಂದು ರೋಲನ್ನು ತಿಂಗಳುಗಟ್ಟಲೆ ಕಾಯ್ದು ಬಳಸುತ್ತಿದ್ದೆವು. ಈಗ ಪಾಲಕರ ಮೊಬೈಲ್ ಸಾಕು. ಆದರೆ ನಾನು ಹುಡುಗರಿಗೆ ಹಾಕಿದ ನಿಯಮ ಹಳೆಯದೇ: ಒಬ್ಬರಿಗೆ 36 ಚಿತ್ರ ಮಾತ್ರ.

ಪರದೇಶದವರು ಆಳಿದ ಊರುಗಳನ್ನು ನೋಡಲು ಜನ ದೂರದೂರ ಹೋಗುತ್ತಾರೆ. ಫಿಲಿಪ್ಪೀನ್ಸ್ ದೇಶದ ವಿಗಾನ್ ಎಂಬ ಊರನ್ನು ಕಟ್ಟಿದವರು ಸ್ಪೇನಿನವರು. 1999ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹೊಸ ಊರು ಹೇಗಿರಬೇಕೆಂದು ಸ್ಪೇನಿನ ದೊರೆ 1573ರಲ್ಲಿಯೇ ಕಟ್ಟಳೆ ಹೊರಡಿಸಿದ್ದ: ನಡುವೆ ಚೌಕ, ಅದರ ಸುತ್ತ ಊರು. ಇಂಗ್ಲಿಷರ ರೀತಿ ಬೇರೆ. ಹಳೆಯ ಪೇಟೆಯನ್ನು ಅದರ ಪಾಡಿಗೆ ಬಿಟ್ಟು, ದೂರದಲ್ಲಿ ಗಿಡಮರಗಳ ನಡುವೆ ತಮ್ಮ ಬಂಗಲೆ, ಕಚೇರಿಗಳನ್ನು ಕಟ್ಟಿಕೊಂಡರು. ಧಾರವಾಡದಲ್ಲಿ ಈ ಎರಡೂ ಊರುಗಳು ಇಂದಿಗೂ ಕಾಣುತ್ತವೆ. ಒಂದು ಬೆಳಗ್ಗೆಯಲ್ಲಿ ನಡೆದೇ ಮುಗಿಸಬಹುದು.

ನಮ್ಮ ನಡಿಗೆ ಆರಂಭವಾಗುವುದು ಕರ್ನಾಟಕ ಕಾಲೇಜಿನಿಂದ. ಇದು ಕಾಲೇಜಿಗೆಂದು ಕಟ್ಟಿದ ಕಟ್ಟಡವಲ್ಲ ಎಂದರೆ ಹುಡುಗರಿಗೆ ಅಚ್ಚರಿ. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆಯ ಕೇಂದ್ರ ಕಚೇರಿ ಇಲ್ಲಿತ್ತು. 1908ರಲ್ಲಿ ಆ ಕಂಪನಿ ಮದ್ರಾಸಿನ ರೈಲ್ವೆಯೊಂದಿಗೆ ಒಂದಾಗಿ ಕಚೇರಿ ಅತ್ತ ಹೋಯಿತು. 1917ರಲ್ಲಿ ಕಾಲೇಜು ಹುಟ್ಟಿ, ಮುಂದೆ ಈ ಕಟ್ಟಡಕ್ಕೆ ಬಂತು. ರೈಲಿನ ಲೆಕ್ಕ ಬರೆಯುತ್ತಿದ್ದ ಕೋಣೆಗಳಲ್ಲಿ ನಮ್ಮ ಸೀಮೆಯ ಮಕ್ಕಳು ಪದವಿ ಓದಿದರು. ಕಟ್ಟಡವೊಂದನ್ನೇ ತೆಗೆದರೆ ಈ ಕಥೆ ಚಿತ್ರದಲ್ಲಿ ಬಾರದು. ಮೆಟ್ಟಿಲ ಮೇಲೆ ಪುಸ್ತಕ ಬಿಚ್ಚಿ ಕುಳಿತ ಹುಡುಗಿಯರು ಚೌಕಟ್ಟಿನೊಳಗೆ ಬಂದಾಗಲೇ ಅದು ಕಾಲೇಜು.

ಇಲ್ಲಿ ಹುಡುಗರಿಗೆ ಒಂದು ಹಳೆಯ ಸಂಗತಿ ಹೇಳುತ್ತೇನೆ. ನಮ್ಮ ಭಾಗವನ್ನು ಮೊದಮೊದಲು ಫೋಟೋ ತೆಗೆದವರು ಬಿಗ್ಸ್, ಪಿಗೂ ಮತ್ತು ನೀಲ್ ಎಂಬ ಇಂಗ್ಲಿಷ್ ಅಧಿಕಾರಿಗಳು. 1850ರ ದಶಕದಲ್ಲಿ ಅವರು ತೆಗೆದ ಚಿತ್ರಗಳು ‘ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪ’ ಎಂಬರ್ಥದ ಹೆಸರಿನಲ್ಲಿ 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಆಗ ಗದಗ, ಹಾವೇರಿಗಳೂ ಧಾರವಾಡ ಜಿಲ್ಲೆಗೇ ಸೇರಿದ್ದವು. ಬೆಳ್ಳಿಯ ಲವಣ ಲೇಪಿಸಿದ ಕಾಗದವೇ ಅಂದಿನ ನೆಗೆಟಿವ್. ಅದರ ಮೇಲೆ ಬಿಂಬ ಮೂಡಲು ನಿಮಿಷಗಟ್ಟಲೆ ಬೆಳಕು ಬೀಳಬೇಕಿತ್ತು. ಕಲ್ಲು ಅಲುಗಾಡುವುದಿಲ್ಲ, ಚಿತ್ರದಲ್ಲಿ ನಿಂತಿತು. ನಡೆದಾಡುವ ಮನುಷ್ಯ ಮಸುಕಾಗಿ ಅಳಿಸಿಹೋದ. ಹೀಗಾಗಿ ಅಲ್ಲಿ ಗುಡಿಗಳಿವೆ, ಸಂತೆಯಿಲ್ಲ. ಅವರಲ್ಲಿ ಮನುಷ್ಯರಿಲ್ಲದ ಗೋಡೆ, ನಮ್ಮ ಟ್ರಂಕಿನಲ್ಲಿ ಗೋಡೆಯಿಲ್ಲದ ಮನುಷ್ಯರು! ಎರಡನ್ನೂ ಒಂದೇ ಚೌಕಟ್ಟಿಗೆ ತರುವುದೇ ನಮ್ಮ ಕೆಲಸ.

ಲೈನ್ ಬಜಾರಿಗೆ ಬಂದರೆ ಫೇಡೆ ಅಂಗಡಿಯ ಮುಂದೆ ಪಾಳಿ ಹಚ್ಚಿದವರ ಸಾಲು. ಅಲ್ಲಿಂದ ತುಸು ಮುಂದೆ ಹಂಚಿನ ಸೂರಿನ ಕೆಳಗೆ ಹೂ ಮಾರುವ ಅಜ್ಜಿಯೊಬ್ಬರು ಕುಳಿತಿದ್ದರು. ನಮ್ಮ ಹುಡುಗನೊಬ್ಬ ಸದ್ದಿಲ್ಲದೆ ಮೊಬೈಲ್ ಎತ್ತಿದ. ಅಜ್ಜಿ ನನ್ನನ್ನು ತರಾಟೆಗೆ ತೆಗೆದುಕೊಂಡರು: “ಏನ್ರೀ ಮಾಸ್ತರ, ನನ್ನ ಕೇಳದ ಈ ಹುಡುಗ ಫೋಟೋ ಹೊಡ್ಯಾಕತ್ತಾನಲ್ಲ? ನಾ ಏನ್ ಗುಡ್ಯಾಗಿನ ಕಲ್ಲೇನು?” ನನಗೆ ಉತ್ತರ ಹೊಳೆಯಲಿಲ್ಲ. ಆಗಷ್ಟೇ ಹೇಳಿಕೊಟ್ಟ ಪಾಠವನ್ನು ಅವರು ಒಂದೇ ಮಾತಿನಲ್ಲಿ ತಿದ್ದಿದ್ದರು. ಹುಡುಗ ಬಗ್ಗಿ, “ತಪ್ಪಾತ್ರಿ ಅಜ್ಜಿ, ಈಗ ತಗೀಲೇನ್ರಿ?” ಎಂದ. ಅಜ್ಜಿ ಸೆರಗು ಸರಿಮಾಡಿಕೊಂಡು, “ಹಿಂದಿನ ಹಂಚೂ ಬರಲಿ. ನಮ್ಮ ಅತ್ತಿನೂ ಇದರ ಕೆಳಗ ಕುಂತು ಹೂ ಮಾರ್‍ಯಾಳ” ಎಂದರು.

ಆ ಹಂಚಿಗೂ ಒಂದು ಚರಿತ್ರೆಯಿದೆ. ಬಾಸೆಲ್ ಮಿಶನ್ನಿನ ಜರ್ಮನ್ ಕುಶಲಿ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ. ಅದೇ ಮಿಶನ್ನಿನವರು 1837ರಲ್ಲಿಯೇ ಧಾರವಾಡಕ್ಕೆ ಬಂದಿದ್ದರು. ಇವರ ಪ್ರೌಢಶಾಲೆಯಲ್ಲಿ ಗಿರೀಶ ಕಾರ್ನಾಡರೂ ಓದಿದರು. ಜರ್ಮನ್ ವಿದ್ಯೆ, ಕರಾವಳಿಯ ಜೇಡಿ, ಬಯಲುಸೀಮೆಯ ಗೋಡೆ, ಅದರ ಕೆಳಗೆ ಮಲ್ಲಿಗೆ ಮಾಲೆ. ಇದೇ ನಮ್ಮ ಧಾರವಾಡ.

ಬೆಳಕಿನ ಬಗ್ಗೆ ಎರಡು ಮಾತು ಹೇಳದಿದ್ದರೆ ವಿಜ್ಞಾನದ ಮಾಸ್ತರನ ಬಾಯಿ ಸುಮ್ಮನಿರದು. ಧಾರವಾಡ ಇರುವುದು ಸುಮಾರು 15.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೆಯ ವಾರದ ಸುಮಾರಿಗೆ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಈ ನಡುವಿನ ದಿನಗಳಲ್ಲಿ ಮಾತ್ರ ಮಧ್ಯಾಹ್ನದ ಬಿಸಿಲು ಉತ್ತರದ ಗೋಡೆಯನ್ನು ಮುಟ್ಟುತ್ತದೆ. ಡಿಸೆಂಬರಿನಲ್ಲಿ ಆ ಗೋಡೆ ಇಡೀ ದಿನ ನೆರಳಿನಲ್ಲಿರುತ್ತದೆ. ಗೋಡೆಯ ಉಬ್ಬುತಗ್ಗು ಕಾಣಬೇಕಾದರೆ ಬೆಳಗಿನ ಅಥವಾ ಸಂಜೆಯ ಓರೆಬಿಸಿಲು ಬೇಕು. ಫೋಟೋ ತೆಗೆಯುವ ಮುನ್ನ ದಿಕ್ಕು ನೋಡಿ ಎನ್ನುವುದು ಇದಕ್ಕೇ.

ಕೊನೆಗೆ ಹಳೆಯ ಪೇಟೆ. ಅಂದು ಮಾಳಿಗೆ ಮನೆಯೊಂದರ ಯಜಮಾನರು, “ಬರ್‍ರಿ, ನೋಡ್ರಿ. ದೀಪಾವಳಿ ಆದ ಮ್ಯಾಲ ಕೆಡವೋರದೀವಿ” ಎಂದು ನಮ್ಮನ್ನು ಒಳಗೆ ಕರೆದರು. ಅವರನ್ನು ದೂರುವಂತಿಲ್ಲ. ಮಳೆಗಾಲಕ್ಕೆ ಮುಂಚೆ ವರ್ಷವರ್ಷವೂ ಮಾಳಿಗೆಗೆ ಮಣ್ಣು ಹಾಕಿ ಬಡಿಯಬೇಕು. ಆ ಕೆಲಸ ಬಲ್ಲವರು ಈಗ ಸಿಗುವುದು ಕಷ್ಟ. ತೊಲೆಗೆ ಗೆದ್ದಲು ಹಿಡಿದಿತ್ತು. ಒಳಗೆ ಅವರ ತಾಯಿ ಬೆಳಕಿಂಡಿಯ ಕೆಳಗೆ ಕುಳಿತು ಜೋಳ ಹಸನು ಮಾಡುತ್ತಿದ್ದರು. ಮೇಲಿನಿಂದ ಬಿದ್ದ ಬಿಸಿಲಿನ ಕೋಲು ಮೊರದ ಮೇಲೆ ನಿಂತಿತ್ತು. ನಮ್ಮ ಗುಂಪಿನ ಒಂಬತ್ತನೆಯ ತರಗತಿಯ ಹುಡುಗಿ ಅನುಮತಿ ಕೇಳಿ ಒಂದೇ ಒಂದು ಚಿತ್ರ ತೆಗೆದಳು. ಅದರಲ್ಲಿ ತೊಲೆಯಿದೆ, ಗೋಡೆಯಿದೆ, ಬೆಳಕಿಂಡಿಯಿದೆ, ಅಜ್ಜಿಯೂ ಇದ್ದಾರೆ.

ಆ ಚಿತ್ರವನ್ನು ಕಾಗದದ ಮೇಲೆ ಹಾಕಿಸಿ, ಹಿಂದೆ ಊರು, ಓಣಿ, ತಾರೀಖು ಬರೆದು ಅವರಿಗೆ ಕೊಟ್ಟು ಬಂದೆವು. ಇದು ನಮ್ಮ ಎರಡನೆಯ ನಿಯಮ. ಮೊಬೈಲಿನಲ್ಲಿಯೇ ಉಳಿದ ಚಿತ್ರ ಮೊಬೈಲಿನೊಂದಿಗೇ ಹೋಗುತ್ತದೆ. ಹೇಳಿದಂತೆ ದೀಪಾವಳಿಯ ನಂತರ ಮನೆ ಬಿತ್ತು. ಒಂದು ತಿಂಗಳ ಮೇಲೆ ಆ ಯಜಮಾನರು ನಮ್ಮ ಶಾಲೆಯವರೆಗೆ ಬಂದು, “ಸರ್ರ, ಇನ್ನೆರಡು ಕಾಪಿ ಬೇಕಾಗಿದ್ವು. ನಮ್ಮ ಅಕ್ಕಾರು, ತಂಗ್ಯಾರು ಕೇಳಾಕತ್ತಾರ” ಎಂದರು. ಹುಡುಗಿಯನ್ನು ಕರೆಸಿದೆ. ಅವಳಿಗೆ ಅವರು ಕೈಮುಗಿದಾಗ ಅವಳು ಏನು ಮಾಡಬೇಕೆಂದು ತಿಳಿಯದೆ ನನ್ನ ಮುಖ ನೋಡಿದಳು.

ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ರಜೆಯಲ್ಲಿ ಮಕ್ಕಳ ಕೈಗೆ ಒಂದು ತಾಸು ಮೊಬೈಲ್ ಕೊಟ್ಟು, ಅಜ್ಜ-ಅಜ್ಜಿಯರನ್ನು ಅವರ ಮನೆಯ ಕಟ್ಟೆಯ ಮೇಲೆ ಕೂರಿಸಿ ಒಂದು ಚಿತ್ರ ತೆಗೆಯಲು ಹೇಳಿ. ಗೋಡೆಯ ಬಣ್ಣ ಹೋಗಿದ್ದರೂ ಚಿಂತೆಯಿಲ್ಲ. ಹಿಂದೆ ಚಾದರ ಮಾತ್ರ ಕಟ್ಟಬೇಡಿ.