ನಾಲ್ಕು ಇಪ್ಪತ್ತು

ಅಮೆರಿಕದಲ್ಲಿ, ನಲವತ್ತು ದಾಟಿದ ಮೇಲೆ ಮತ್ತೆ ಕಾಲೇಜು ಸೇರಿದೆ. ಪದವಿಗೆ ಇನ್ನೊಂದು ಭಾಷೆ ಬೇಕಿತ್ತು. ಮನೆಯಲ್ಲೇ ಓದಿ 'ಕ್ಲೆಪ್' ಪರೀಕ್ಷೆಯಲ್ಲಿ 80ಕ್ಕೆ 50 ಅಂಕ ತೆಗೆದರೆ ಎರಡು ಸೆಮಿಸ್ಟರಿನ ಫ್ರೆಂಚ್ ತರಗತಿ, ಅದರ ಫೀಸು ಎರಡೂ ಉಳಿಯುತ್ತಿದ್ದವು.

ಓದುವುದು ಹೇಗೋ ಬಂತು, ಕೇಳುವುದು ಬರಲಿಲ್ಲ. ನಾವು ಬರೆದದ್ದನ್ನೆಲ್ಲ ಉಚ್ಚರಿಸುವವರು. ಅವರು ಕೊನೆಯ ಅಕ್ಷರಗಳನ್ನೇ ನುಂಗುತ್ತಾರೆ! 'ಅವನು ಮಾತಾಡುತ್ತಾನೆ', 'ಅವರು ಮಾತಾಡುತ್ತಾರೆ' ಎರಡೂ ಕಿವಿಗೆ 'ಇಲ್ ಪಾರ್ಲ್'. ಎಂಬತ್ತಕ್ಕೆ 'ನಾಲ್ಕು ಇಪ್ಪತ್ತು' ಅನ್ನಬೇಕು. ಪಾತ್ರೆ ತೊಳೆಯುತ್ತ ಕೇಳಿದೆ, ಬಟ್ಟೆ ಮಡಿಸುತ್ತ ಕೇಳಿದೆ. ಮಗಳೇ ಮೇಷ್ಟ್ರು.

ಒಂದೂವರೆ ಗಂಟೆಯ ಪರೀಕ್ಷೆ ಮುಗಿದ ಕೂಡಲೇ ಪರದೆಯ ಮೇಲೆ ಅಂಕ ಬಂತು: 53. ಕಣ್ಣೊರೆಸಿಕೊಂಡೇ ಹೊರಗೆ ಬಂದೆ. ಅಪ್ಪನ ಜೊತೆ ಕಾಯುತ್ತಿದ್ದ ಮಗಳು ಹುಬ್ಬೇರಿಸಿದಳು: "ನಾಲ್ಕು ಇಪ್ಪತ್ತಕ್ಕೆ ಬರೀ ಐವತ್ಮೂರಾ ಅಮ್ಮಾ?"