ಹೊಟ್ಟೆಗೆ ತೂತು

ಜಗಳ ಶುರುವಾಗಿದ್ದು ಒಂದು ತೂತಿನಿಂದ. ಐದು ಇಂಚು ಉದ್ದ, ಮೂರು ಇಂಚು ಅಗಲ. ನಿಜ ಹೇಳಬೇಕೆಂದರೆ ಅದಿನ್ನೂ ತೂತೇ ಆಗಿರಲಿಲ್ಲ, ಪೆನ್ಸಿಲಿನಲ್ಲಿ ಗುರುತು ಹಾಕಿದ್ದೆ ಅಷ್ಟೆ. ಅಪ್ಪ ಕನ್ನಡಕ ಹಣೆಗೇರಿಸಿ, ಮಗುಚಿ ಮಲಗಿಸಿದ್ದ ವಿಮಾನದ ಹೊಟ್ಟೆ ಮೇಲೆ ಬೆರಳಾಡಿಸಿ, "ಇದೇನೋ?" ಅಂದರು.

"ಗಾಳಿಗೆ ಅಪ್ಪ. ಎರಡು ಪಕ್ಕದ ಬಾಯಿ ಸಾಲ್ತಿಲ್ಲ. ಫ್ಯಾನು ಉಸಿರು ಕಟ್ಟುತ್ತೆ."

"ಮಾರುತ್‌ಗೆ ಹೊಟ್ಟೇಲಿ ತೂತು ಇರಲಿಲ್ಲ."

"ಗೊತ್ತು, ಆದ್ರೆ ಇದು ಮಾಡೆಲ್ಲು..."

"ಇರಲಿಲ್ಲ ಅಂದ್ರೆ ಇರಲಿಲ್ಲ" ಅಂದವರೇ ಮೆಟ್ಟಿಲಿಳಿದು ಹೋದರು. ಮುಂದಿನ ಎರಡು ತಿಂಗಳು ತಾರಸಿಯ ಶೆಡ್ಡಿನ ಕಡೆ ತಲೆ ಹಾಕಲಿಲ್ಲ.

ರೇಡಿಯೋ ಕಂಟ್ರೋಲ್ ವಿಮಾನ ಅಂದ ಕೂಡಲೇ ಈಗೆಲ್ಲ "ಓ, ಡ್ರೋನಾ?" ಅಂತಾರೆ. ಅಲ್ಲ ಸ್ವಾಮಿ. ಡ್ರೋನು ಕೈಬಿಟ್ಟರೆ ಇದ್ದಲ್ಲೇ ನಿಂತಿರುತ್ತೆ. ಇದು ಕೈಬಿಟ್ಟರೆ ಬೀಳುತ್ತೆ. ವರ್ಷಗಟ್ಟಲೆ ಕೂತು ಕಟ್ಟಿದ್ದು ನಾಲ್ಕು ಸೆಕೆಂಡಿನಲ್ಲಿ ಸೌದೆಯಾಗಬಹುದು ಅಂತ ಗೊತ್ತಿದ್ದೂ ಕಟ್ಟುವ ಹುಚ್ಚು ಇದು. ಈ ಹುಚ್ಚಿನವರು ಪ್ರಪಂಚದಲ್ಲೆಲ್ಲ ಇದ್ದಾರೆ. ದೊಡ್ಡ ಅಳತೆಯ ಯುದ್ಧವಿಮಾನ ಕಟ್ಟುವವರು ಹೆಚ್ಚಾಗಿ ಹಿಡಿಯುವುದು ಎರಡನೇ ಮಹಾಯುದ್ಧದವನ್ನು. ಸ್ಪಿಟ್‌ಫೈರ್, ಮಸ್ಟಾಂಗ್, ಜರ್ಮನಿಯ ಫೋಕೆ ವುಲ್ಫ್ 190. ಇವಕ್ಕೆಲ್ಲ ಕಿಟ್ ಸಿಗುತ್ತೆ, ಕತ್ತರಿಸಿದ ಮರ ಸಿಗುತ್ತೆ, ಕಾಕ್‌ಪಿಟ್ಟಿನಲ್ಲಿ ಕೂರಿಸೋಕೆ ಗಾಗಲ್ಸ್ ಹಾಕಿದ ಗೊಂಬೆ ಪೈಲಟ್ ಕೂಡ ಸಿಗ್ತಾನೆ.

ನನ್ನ ಮೊದಲ ದೊಡ್ಡ ವಿಮಾನವೂ ಫೋಕೆ ವುಲ್ಫೇ. ಅದನ್ನು ನೋಡಿದ ದಿನ ಅಪ್ಪ, "ಇದನ್ನ ಮಾಡಿದ ಮನುಷ್ಯ ನಮ್ಮ ಕಾರ್ಖಾನೇಲಿ ಇದ್ದ, ಗೊತ್ತಾ?" ಅಂದಿದ್ದರು. ಗೊತ್ತಿರಲಿಲ್ಲ. ಆ ವಿಮಾನದ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಯುದ್ಧ ಮುಗಿದ ಮೇಲೆ ಅರ್ಜೆಂಟೀನಾಕ್ಕೆ ಹೋಗಿ, ಅಲ್ಲಿಂದ 1956ರಲ್ಲಿ ಬೆಂಗಳೂರಿಗೆ ಬಂದು, ಎಚ್‌ಎಎಲ್‌ನಲ್ಲಿ ನಮ್ಮವರ ಜೊತೆ ಸೇರಿ ಮಾರುತ್ ಮಾಡಿದ. ಎಚ್‌ಎಫ್-24. ಎರಡು ಜೆಟ್ ಎಂಜಿನ್ನಿನ ಫೈಟರ್. 1961ರ ಜೂನ್ 17ರಂದು ಸುರಂಜನ್ ದಾಸ್ ಅದನ್ನು ಮೊದಲ ಸಲ ಹಾರಿಸಿದರು. ಅದೇ ದಾಸ್ 1970ರ ಜನವರಿ 10ರಂದು ಮಾರುತ್‌ನ ಇನ್ನೊಂದು ಮಾದರಿಯನ್ನು ಮೇಲೇರಿಸುವಾಗ ಬೆಂಗಳೂರಿನಲ್ಲೇ ತೀರಿಹೋದರು. ಈಗ ನಾವೆಲ್ಲ ಟ್ರಾಫಿಕ್ಕಿಗೆ ಬೈದುಕೊಳ್ಳುತ್ತಾ ಹಾದುಹೋಗುವ ಸುರಂಜನ್ ದಾಸ್ ರಸ್ತೆ ಇದೆಯಲ್ಲ, ಅದು ಅವರ ಹೆಸರಿನದು. ಆ ದಿನದ ಬಗ್ಗೆ ಅಪ್ಪ ಮಾತಾಡೋದಿಲ್ಲ.

ಅಪ್ಪ 1966ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ಅಲ್ಲಿ ಶೀಟ್ ಮೆಟಲ್ ಕೆಲಸಕ್ಕೆ ಸೇರಿದವರು. ಮಾರುತ್‌ನ ಮೈ ನೆಟ್ಟಗಿಲ್ಲ, ನಡುವೆ ಸೊಂಟ ಇದೆ. ರೆಕ್ಕೆ ಇರುವ ಜಾಗದಲ್ಲಿ ಮೈ ಸಣ್ಣಗಾದರೆ ಶಬ್ದದ ವೇಗದ ಹತ್ತಿರ ಗಾಳಿಯ ಎಳೆತ ಕಮ್ಮಿಯಾಗುತ್ತದೆ ಅನ್ನೋ ಲೆಕ್ಕ. ಲೆಕ್ಕ ಹಾಕಿದವರು ಎಂಜಿನಿಯರುಗಳು. ಆ ಸೊಂಟಕ್ಕೆ ಅಲ್ಯೂಮಿನಿಯಂ ತಗಡನ್ನು ಬಗ್ಗಿಸಿ ಕೂರಿಸಿದವರು ಅಪ್ಪನಂಥವರು. ಒಟ್ಟು 147 ಮಾರುತ್ ಕಟ್ಟಿದರು. 1971ರ ಯುದ್ಧದಲ್ಲಿ ರಾಜಸ್ಥಾನದ ಉತ್ತರ್ಲಾಯಿಯಿಂದ ಹಾರಿ ಕೆಲಸ ಮಾಡಿದವು. ಆದರೂ ಮಾರುತ್ ಅಂದರೆ ಎಲ್ಲರ ಬಾಯಲ್ಲೂ ಬರೋದು ಒಂದೇ ಮಾತು: ಎಂಜಿನ್ ಸಾಲಲಿಲ್ಲ. ಅದೇನು ಸುಳ್ಳಲ್ಲ. ಮೊದಲು ನೆಚ್ಚಿಕೊಂಡಿದ್ದ ಜೋರಿನ ಆರ್ಫಿಯಸ್ ಎಂಜಿನ್ನಿನ ಅಭಿವೃದ್ಧಿಯನ್ನು ಬ್ರಿಟನ್ನಿನಲ್ಲಿ ಕೈಬಿಟ್ಟರು, ಅದರ ಖರ್ಚು ಹೊರಲು ನಮ್ಮ ಸರ್ಕಾರ ಒಪ್ಪಲಿಲ್ಲ. ಕೊನೆಗೆ ಆರ್ಫಿಯಸ್ 703 ಎರಡನ್ನು ಹಾಕಿದರು. ಒಂದೊಂದರ ನೂಕುಬಲ ಸುಮಾರು 2200 ಕೆಜಿ. ವಿಮಾನದ ತೂಕ ಒಂಬತ್ತು ಟನ್ ಹತ್ತಿರ. ಶಬ್ದದ ವೇಗ ಮೀರಬೇಕಾಗಿದ್ದ ವಿಮಾನ ಅದರ ಹೊಸ್ತಿಲಲ್ಲೇ ನಿಂತುಬಿಡ್ತು.

ಅಪ್ಪನ ಕೈಯ ಕೆಲಸವೊಂದಕ್ಕೆ ಊರೆಲ್ಲ ಸೇರಿ ಕೊಟ್ಟ ಸರ್ಟಿಫಿಕೇಟು ಅದು. ಇದು ನನಗೆ ಹೊಳೆದಿದ್ದು ಮಾತ್ರ ತುಂಬ ತಡವಾಗಿ.

ಮಾರುತ್‌ನ ದೊಡ್ಡ ಕಿಟ್ ಎಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಹಾಗಾಗಿ ಮೂರು ಕಡೆಯಿಂದ ಬರೆದ ನಕ್ಷೆಯೊಂದನ್ನು ಹಿಗ್ಗಿಸಿಕೊಂಡು ನಾನೇ ಶುರು ಮಾಡಿದೆ. ಆರನೇ ಒಂದು ಅಳತೆ. ನಿಜದ ರೆಕ್ಕೆ 9 ಮೀಟರ್, ನನ್ನದು ಒಂದೂವರೆ. ಉದ್ದ ಎರಡು ಮೀಟರ್ ಅರವತ್ತನಾಲ್ಕು ಸೆಂಟಿಮೀಟರ್, ಅಂದರೆ ನಮ್ಮನೆ ಮಂಚಕ್ಕಿಂತ ಉದ್ದ. ನಕ್ಷೆ ಸಾಲದ ಕಡೆ ನಿಜದ್ದನ್ನೇ ನೋಡಬೇಕಲ್ಲ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿ ಒಂದು ಮಾರುತ್ ನಿಂತಿದೆ. ಅಪ್ಪನನ್ನೂ ಕರೆದುಕೊಂಡು ಹೋದೆ. ನಾನು ಫೋಟೋ ತೆಗೆಯುತ್ತಿದ್ದರೆ ಅವರು ಸೀದಾ ಹೋಗಿ ಸೊಂಟದ ಮೇಲೆ ಕೈಯಿಟ್ಟರು. ಕಾವಲಿನವ ಓಡಿಬಂದು "ಮುಟ್ಟಬಾರದು ಸಾರ್" ಅಂದ.

"ಇದನ್ನ ಮುಟ್ಟೋದಕ್ಕೇ ನಂಗೆ ಸಂಬಳ ಕೊಡ್ತಿದ್ರು ಕಣಪ್ಪ" ಅಂದರು ಅಪ್ಪ. ಆತ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಕುರ್ಚಿ ತಂದು ನೆರಳಿಗೆ ಹಾಕಿ ಹೋದ.

ಕಟ್ಟುವ ಕೆಲಸದ ಬಗ್ಗೆ ಉದ್ದಕ್ಕೆ ಬರೆಯಬಹುದು, ಆದರೆ ಓದುವವರಿಗೆ ತೂಕಡಿಕೆ ಬಂದೀತು. ಪ್ಲೈವುಡ್ಡಿನ ಬಳೆಯಂಥ ಚೌಕಟ್ಟುಗಳು, ಅವುಗಳ ಮೇಲೆ ಬಾಲ್ಸಾ ಮರದ ಪಟ್ಟಿಗಳು. ಬಾಲ್ಸಾ ಹತ್ತಿಯಷ್ಟು ಹಗುರ, ಬರೋದು ಹೆಚ್ಚಾಗಿ ಈಕ್ವೆಡಾರ್‌ನಿಂದ. ಅದರ ಮೇಲೆ ತೆಳ್ಳನೆಯ ಗ್ಲಾಸ್ ಬಟ್ಟೆ ಹಾಸಿ ಎಪಾಕ್ಸಿ ಸವರಿ, ಉಜ್ಜಿ, ಮತ್ತೆ ಸವರಿ, ಮತ್ತೆ ಉಜ್ಜಿ. ಎಪಾಕ್ಸಿ ವಾಸನೆ ದೇವರ ಮನೆಗೂ ಬರುತ್ತೆ ಅಂತ ಅಮ್ಮ ಬೈಯೋದು. ಖರ್ಚೆಷ್ಟಾಯ್ತು ಅಂತ ಇಲ್ಲಿ ಬರೆಯೋದಿಲ್ಲ, ನನ್ನ ಹೆಂಡತಿ ಓದುತ್ತಾಳೆ.

ಒಂದು ಲೆಕ್ಕ ಮಾತ್ರ ಹೇಳಲೇಬೇಕು. ಉದ್ದ ಆರನೇ ಒಂದಾದರೆ ತೂಕ ಆರನೇ ಒಂದಾಗೋದಿಲ್ಲ, ಆರಾರಾರ್ಲಿ 216ನೇ ಒಂದು ಪಾಲಾಗುತ್ತದೆ. ಆರು ಟನ್ ಮೀರಿದ ಖಾಲಿ ಮಾರುತ್ ಈ ಲೆಕ್ಕದಲ್ಲಿ 28 ಕೆಜಿ ತೂಗಬೇಕು. ಅಷ್ಟು ತೂಕದ್ದನ್ನು ನನ್ನ ಪುಟ್ಟ ರೆಕ್ಕೆ ಎತ್ತಿದರೂ, ಇಳಿಸುವಾಗ ಬರುವ ವೇಗಕ್ಕೆ ನನ್ನ ಎದೆ ನಿಲ್ಲುತ್ತೆ. ಒಂಬತ್ತು ಕೆಜಿ ಒಳಗೆ ಮುಗಿಸಬೇಕು ಅಂತ ನನ್ನ ಹಟ. ಅಪ್ಪನ ಹಟ ಬೇರೆ. ಮೂಗಿನಲ್ಲಿ ನಾಲ್ಕು ಫಿರಂಗಿಯ ಬಾಯಿ ಬೇಕು. ಬೋಲ್ಟು, ಬಾಗಿಲು, ತಗಡಿನ ಕೂಡುಗೆರೆ, ರಿವೆಟ್ಟು, ಎಲ್ಲ ಬೇಕು. ರಿವೆಟ್ಟನ್ನು ನಾವು ಹವ್ಯಾಸಿಗಳು ಸಿರಿಂಜಿನಲ್ಲಿ ಬಿಳಿ ಅಂಟಿನ ಚುಕ್ಕಿ ಇಟ್ಟು ಮಾಡ್ತೀವಿ. ಅಪ್ಪನಿಗೆ ಒಂದು ಕಣ್ಣಿನ ಪೊರೆ ತೆಗೆಸಿಯಾಗಿತ್ತು, ಇನ್ನೊಂದು ಬಾಕಿ ಇತ್ತು. ಆದರೂ ಅವರಿಟ್ಟ ಸಾಲು ನೆಟ್ಟಗೆ, ನಾನಿಟ್ಟದ್ದು ಇರುವೆ ಸಾಲು. ಒಂದು ಕಡೆ ಎರಡು ಸಾಲಿಟ್ಟಿದ್ದೆ, ನಕ್ಷೆಯಲ್ಲಿ ಹಾಗೇ ಇತ್ತು. ಅಪ್ಪ ಬೆರಳಲ್ಲೇ ಸವರಿ, "ಇಲ್ಲಿ ಒಂದೇ ಸಾಲು. ನಕ್ಷೆ ತಪ್ಪು" ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟರು. ಮ್ಯೂಸಿಯಂ ಫೋಟೋ ತೆಗೆದು ನೋಡಿದೆ. ಒಂದೇ ಸಾಲು.

ಇನ್ನು ತೂತಿನ ವಿಷಯ. ನನ್ನ ಮಾರುತ್‌ಗೆ ಜೆಟ್ ಎಂಜಿನ್ ಇಲ್ಲ, ಕೊಳವೆಯೊಳಗೆ ತಿರುಗುವ 90 ಮಿಲಿಮೀಟರಿನ ಎರಡು ಎಲೆಕ್ಟ್ರಿಕ್ ಫ್ಯಾನ್. ಮೇಜಿನ ಮೇಲೆ ಕಟ್ಟಿ ಸ್ಪ್ರಿಂಗ್ ತಕ್ಕಡಿಯಲ್ಲಿ ನೋಡಿದಾಗ ಎರಡೂ ಸೇರಿ ಆರೂವರೆ ಕೆಜಿ ನೂಕಿದವು. ವಿಮಾನದೊಳಗೆ ಕೂರಿಸಿ ನೋಡಿದರೆ ನಾಲ್ಕೂವರೆ! ಮಾರುತ್‌ನ ಗಾಳಿಬಾಯಿ ಅರ್ಧಚಂದ್ರದ ಆಕಾರದ್ದು, ಅದರ ಮಧ್ಯೆ ಒಂದು ಅರ್ಧ ಶಂಕು ಬೇರೆ. ನಿಜದ ಎಂಜಿನ್ನಿಗೆ ಸರಿ, ನನ್ನ ಫ್ಯಾನಿಗೆ ಇಕ್ಕಟ್ಟು. ಇದಕ್ಕೆ ಹವ್ಯಾಸಿಗಳು ಮಾಡೋ ಉಪಾಯ ಅಂದರೆ ಯಾರಿಗೂ ಕಾಣದ ಹಾಗೆ ಹೊಟ್ಟೆಗೊಂದು ತೂತು ಕೊರೆಯೋದು. ನಮ್ಮಲ್ಲಿ ಅದಕ್ಕೆ ಹೆಸರೇ ಮೋಸದ ತೂತು. ಎಲ್ಲರೂ ಮಾಡ್ತಾರೆ.

ತೂಕ ಒಂಬತ್ತು ಕೆಜಿ ಇನ್ನೂರು ಗ್ರಾಂ, ನೂಕುಬಲ ನಾಲ್ಕೂವರೆ. ಹೆಚ್ಚೂಕಮ್ಮಿ ಅರ್ಧ. ನಿಜದ ಮಾರುತ್‌ನದ್ದೂ ಅಷ್ಟೇ ಲೆಕ್ಕ! ಕಾಗದದ ಮೇಲೆ ಬರೆದು ನೋಡಿ ನಗು ಬಂತು. ರೂಪ ತರಲು ಹೋಗಿ ರೋಗವನ್ನೂ ಅಳತೆಗೆ ಸರಿಯಾಗಿ ತಂದಿದ್ದೆ. ತಮಾಷೆಯಾಗಿದೆ ಅಂತ ಕೆಳಗೆ ಹೋಗಿ ಅಪ್ಪನಿಗೆ ತೋರಿಸಿದೆ. ತೋರಿಸಬಾರದಿತ್ತು.

"ನೀನೂ ಅದನ್ನೇ ಹೇಳು" ಅಂದರು. "ಎಂಜಿನ್ ಸಾಲ್ದು. ನಲವತ್ತು ವರ್ಷ ಕೇಳಿದೀನಿ. ನಾವು ಮೈ ಕಟ್ಟಿದ್ದು ಸರಿಯಾಗೇ ಇತ್ತು ಕಣೋ. ಮೈಯಲ್ಲಿ ತಪ್ಪಿರಲಿಲ್ಲ. ಈಗ ಅದಕ್ಕೆ ತೂತು ಹಾಕ್ತೀಯ."

ಏನು ಹೇಳಬೇಕೋ ತಿಳಿಯಲಿಲ್ಲ. ತೂತು ಕೊರೆಯಲೂ ಇಲ್ಲ, ವಿಮಾನ ಮುಗಿಸಲೂ ಇಲ್ಲ. ಆಯುಧಪೂಜೆಗೆ ಅಮ್ಮ ಕಾರಿಗೆ, ಮಿಕ್ಸಿಗೆ, ತಾರಸಿಯ ಮಾರುತ್‌ಗೆ ಎಲ್ಲದಕ್ಕೂ ಕುಂಕುಮ ಇಟ್ಟಳು. ಪೂಜೆ ಅಂದಮೇಲೆ ಅಪ್ಪ ಬರಲೇಬೇಕಾಯ್ತು. ಮಂಗಳಾರತಿ ತಗೊಂಡು, ನನ್ನ ಕಡೆ ನೋಡದೆ, ವಿಮಾನದ ಕಡೆ ತಿರುಗಿ, "ಮುಂದಿನ ಚಕ್ರದ ಹಿಂದುಗಡೆ ರಾಕೆಟ್ ಪ್ಯಾಕ್ ಇತ್ತು" ಅಂದರು.

ಹೌದು. ಮಾರುತ್‌ನ ಹೊಟ್ಟೆಯೊಳಗೆ ಐವತ್ತು ಪುಟ್ಟ ರಾಕೆಟ್‌ಗಳ ಒಂದು ಗೂಡಿತ್ತು. ಬೇಕಾದಾಗ ಕೆಳಗಿಳಿಯುತ್ತಿತ್ತು, ಬೇಡವಾದಾಗ ಒಳಗೆ ಹೋಗುತ್ತಿತ್ತು.

"ಅಲ್ಲಿ ಬಾಗಿಲು ಮಾಡಿದ್ರೆ ಯಾರೂ ತಪ್ಪು ಅನ್ನಂಗಿಲ್ಲ. ಒಳಗೆ ಎಳೆಯೋ ಹಂಗೆ ತಿರುಗಣಿ ಹಾಕು. ಫ್ಯಾನು ಗಾಳಿ ಎಳೆದಾಗ ತಾನೇ ತೆರೆಯುತ್ತೆ, ನಿಂತಾಗ ಮುಚ್ಚಿಕೊಳ್ಳುತ್ತೆ."

ಆ ಬಾಗಿಲನ್ನು ಅವರೇ ಮಾಡಿದರು. ತಗಡು ಯಾವುದು ಗೊತ್ತೇ? ಆಫ್‌ಸೆಟ್ ಮುದ್ರಣದ ಹಳೇ ಪ್ಲೇಟು. ಕಾಗದದಷ್ಟು ತೆಳು ಅಲ್ಯೂಮಿನಿಯಂ, ಬಗ್ಗಿಸಿದ ಹಾಗೆ ಬಗ್ಗುತ್ತೆ. ಪರಿಚಯದ ಪ್ರೆಸ್ಸಿನವರು ಒಂದು ಕಟ್ಟು ಕೊಟ್ಟಿದ್ದರು. ಹೊರಗೆ ನೋಡಿದರೆ ವಾಯುಪಡೆಯ ಬೂದುಬಣ್ಣ, ಒಳಮೈಯಲ್ಲಿ ಯಾರದೋ ಮದುವೆ ಕರೆಯೋಲೆಯ "ಸಕುಟುಂಬ ಸಪರಿವಾರ". ಮತ್ತೆ ತಕ್ಕಡಿ ಕಟ್ಟಿ ನೋಡಿದೆವು. ಐದು ಕೆಜಿ ಎಂಟುನೂರು ಗ್ರಾಂ. ಅಪ್ಪ ಅದನ್ನು ಒಮ್ಮೆಯೂ ತೂತು ಅನ್ನಲಿಲ್ಲ.

ಹಾರಿಸಲು ಕೋಲಾರದ ಆಚೆ, ಸೈಟು ಮಾಡಿ ಮಾರಾಟವಾಗದೆ ಬಿದ್ದಿರುವ ಒಂದು ಲೇಔಟಿಗೆ ಹೋದೆವು. ಮಾಲೀಕರು ಪರಿಚಯದವರು. ಸರ್ಕಾರದ ನಕ್ಷೆಯಲ್ಲಿ ಹಸಿರು ವಲಯ, 400 ಅಡಿವರೆಗೆ ಅಡ್ಡಿಯಿಲ್ಲ. ಟಾರು ರಸ್ತೆ ಇದೆ, ಮನೆಗಳಿಲ್ಲ, ಕುರಿಗಳಿದ್ದವು. ಕುರಿ ಕಾಯುವ ಅಜ್ಜ ಅವನ್ನು ಹೊಡೆದುಕೊಂಡು ಹೋಗಿ ದೂರದ ದಿಬ್ಬದ ಮೇಲೆ ತಾನೂ ನೋಡಲು ಕೂತ.

ಥ್ರಾಟಲ್ ಮೇಲೆತ್ತಿದಾಗ ಫ್ಯಾನುಗಳು ಶಿಳ್ಳೆ ಹಾಕಿದವು. ವಿಮಾನ ಓಡಿತು, ಓಡಿತು, ರಸ್ತೆ ಮುಗಿಯುತ್ತಾ ಬಂತು. ನನ್ನ ಮೊಣಕಾಲು ನಡುಗುತ್ತಿತ್ತು. ಕೊನೇ ಇಪ್ಪತ್ತು ಮೀಟರಿನಲ್ಲಿ ನೆಲ ಬಿಟ್ಟಿತು. ಎರಡು ಸುತ್ತು ಹಾಕಿದ ಮೇಲೆ ಉಸಿರು ಬಿಟ್ಟು ಅಪ್ಪನ ಕಡೆ ಕಣ್ಣು ಹಾಯಿಸಿದೆ. ಅವರು ಮೇಲೆ ನೋಡುತ್ತಿರಲಿಲ್ಲ. ಬಾಕಿ ಇದ್ದ ಕಣ್ಣಿಗೆ ಬಿಸಿಲು ಆಗೋದಿಲ್ಲ. ತಲೆ ತಗ್ಗಿಸಿ ಶಬ್ದ ಕೇಳುತ್ತಿದ್ದರು, ಶಬ್ದ ಹೋದ ಕಡೆ ಕತ್ತು ತಿರುಗುತ್ತಿತ್ತು.

ಮೂರು ನಿಮಿಷಕ್ಕೆ ಬ್ಯಾಟರಿ ಎಚ್ಚರಿಕೆ ಕೊಟ್ಟಿತು. ಚಕ್ರ ಇಳಿಸುವ ಸ್ವಿಚ್ಚು ಹಾಕಿದೆ. ಹಿಂದಿನ ಎರಡು ಬಂದವು, ಮುಂದಿನದು ಬರಲಿಲ್ಲ. ಮತ್ತೆ ಹಾಕಿದೆ, ಬರಲಿಲ್ಲ. ತಪ್ಪು ನನ್ನದೇ. ಚಕ್ರದ ಬಾಗಿಲ ಅಂಚಿಗೆ ಎರಡು ಕೋಟು ಬಣ್ಣ ಜಾಸ್ತಿ ಬಳಿದಿದ್ದೆ, ಬಿಸಿಲಿಗೆ ಹಿಡಿದುಕೊಂಡಿತ್ತು. ಇನ್ನೊಂದು ಸುತ್ತಿಗೆ ಬ್ಯಾಟರಿ ಇಲ್ಲ. ಹಾಗೇ ಇಳಿಸಿದೆ. ಹಿಂದಿನ ಚಕ್ರದ ಮೇಲೆ ಎಷ್ಟು ಹೊತ್ತು ಸಾಧ್ಯವೋ ಅಷ್ಟು ಓಡಿಸಿ, ಆಮೇಲೆ ಮೂಗು ನೆಲಕ್ಕೆ ಬಿತ್ತು. ಕರ್‌ರ್ ಅಂತ ಟಾರಿನ ಮೇಲೆ ಉಜ್ಜಿದ ಶಬ್ದ ಈಗಲೂ ಹಲ್ಲು ಜುಮ್ಮೆನ್ನಿಸುತ್ತೆ.

ನಾನು ಓಡಿದೆ. ಅಪ್ಪ ಕೋಲೂರಿಕೊಂಡು ಹಿಂದಿನಿಂದ ಬಂದರು.

"ಏನಾಯ್ತು?"

"ಮುಂದಿನ ಚಕ್ರ ಇಳೀಲಿಲ್ಲ ಅಪ್ಪ."

"ಅದೂ ಹಂಗೇ ಮಾಡಿತ್ತಂತೆ."

"ಯಾವುದು?"

"ಮರದ್ದು."

ಮಾರುತ್‌ಗಿಂತ ಮೊದಲು ಅದೇ ಅಳತೆಯಲ್ಲಿ, ಎಂಜಿನ್ ಇಲ್ಲದ ಮರದ ಗ್ಲೈಡರ್ ಒಂದನ್ನು ಕಟ್ಟಿದ್ದರು. 1959ರಲ್ಲಿ ಡಕೋಟಾ ವಿಮಾನದ ಹಿಂದೆ ಹಗ್ಗ ಕಟ್ಟಿ ಮೇಲಕ್ಕೆಳೆದು ಬಿಟ್ಟು ಪರೀಕ್ಷೆ ಮಾಡುತ್ತಿದ್ದರು. ಎಂಬತ್ತಕ್ಕೂ ಹೆಚ್ಚು ಸಲ ಹಾರಿ, ಕೊನೆಗೊಂದು ಸಲ ಮುಂದಿನ ಚಕ್ರ ಇಳಿಯದೆ ನೆಲಕ್ಕೆ ಉಜ್ಜಿಕೊಂಡು ಪೆಟ್ಟು ತಿಂದಿತು. ಅಪ್ಪ ಸೇರುವ ಹೊತ್ತಿಗೆ ಅದು ಹಿರಿಯರ ಬಾಯಲ್ಲಿ ಕಥೆಯಾಗಿತ್ತು.

ಕಷ್ಟಪಟ್ಟು ರಸ್ತೆ ಮೇಲೆ ಕೂತು, ಮೂಗೆತ್ತಿಸಿ, ಹೊಟ್ಟೆಯ ಕೆಳಗೆ ಕೈ ತೂರಿಸಿದರು. ನಾನು ಸುಮ್ಮನೆ ನಿಂತಿದ್ದೆ. ಫಿರಂಗಿ ಬಾಯೊಂದು ಕಿತ್ತುಹೋಗಿತ್ತು, ಒಂದು ಗೇಣು ಬಣ್ಣ ಹೋಗಿ ಬಾಲ್ಸಾ ಕಾಣುತ್ತಿತ್ತು.

"ಮೈ ಗಟ್ಟಿ ಇದೆ. ಬಾಗಿಲು ನೆಗ್ಗಿದೆ, ಅಷ್ಟೆ. ಕೊಡತಿ ತಂದಿದ್ದೀಯೇನೋ?"

ತಂದಿರಲಿಲ್ಲ. ದೊಡ್ಡ ಸ್ಕ್ರೂಡ್ರೈವರ್ ಕೊಟ್ಟೆ. ಬಾಗಿಲು ಬಿಚ್ಚಿ ತೊಡೆ ಮೇಲಿಟ್ಟುಕೊಂಡು, ಅದರ ಮರದ ಹಿಡಿಯಲ್ಲಿ ಮೆಲ್ಲಗೆ ಬಡಿಯೋಕೆ ಶುರು ಮಾಡಿದರು.